ಬೇಡದ ಕಡೆಗೇ ಕರೆಯುವ ಒಳದನಿ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಪಕ್ಕದ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಎಂಟು ಹತ್ತು ಜನ ಸೇರುತ್ತೇವೆ. ಅರ್ಧ ಗಂಟೆ ಸುಮ್ನೆ ಕೂರುತ್ತೇವೆ, ಆಮೇಲೆ ಮಾತು. ಭಜನೆ ಇಲ್ಲ, ಪ್ರಸಾದ ಇಲ್ಲ, ಹಾಗಾಗಿ ಜನ ಜಾಸ್ತಿಯಾಗುವ ಅಪಾಯವೂ ಇಲ್ಲ. ಇಲ್ಲಿಗೆ ಬರುವವರು, ಕೋಲಾರ, ಚಿಂತಾಮಣಿ, ಪಾವಗಡ ಕಡೆಯಿಂದ ಪತ್ರ ಬರೆಯುವವರು ಎಲ್ಲರೂ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತಾರೆ. ಒಳಗಿನಿಂದ ಏನೋ ಕರೆಯುತ್ತಿದೆ, ಆದರೆ ಆ ಜಾಗ ನನಗೆ ಬೇಡ. ಮುಖ ನೋಡಲು ಇಷ್ಟವಿಲ್ಲದವರ ಮನೆ, ಕಾಯಿಲೆಯವರ ಹಾಸಿಗೆ ಪಕ್ಕ, ಬಿಟ್ಟು ಬಂದ ಊರು. ಅದೇ ಉತ್ತರ ಹೇಳಿ ಹೇಳಿ ಬಾಯಿ ಒಣಗಿತು, ಅದಕ್ಕೇ ಬರೆದಿಟ್ಟಿದ್ದೇನೆ. ನಾನು ಸ್ವಾಮಿಯಲ್ಲ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

ಶುರುವಿನ ಪ್ರಶ್ನೆಗಳು

ಒಳದನಿ ಒಳದನಿ ಅಂತೀರಲ್ಲ ಮೇಷ್ಟ್ರೇ, ಅದು ನಿಜವಾಗ್ಲೂ ಕಿವಿಗೆ ಕೇಳುತ್ತಾ?

ನನಗಂತೂ ಯಾವತ್ತೂ ಕೇಳಿಲ್ಲ. ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಗ್ಯಾಸ್ ಆಫ್ ಮಾಡಿದೆನಾ ಅಂತ ಒಂದು ಕಿರಿಕಿರಿ ಶುರುವಾಗುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಹಲ್ಲುಜ್ಜುವಾಗ ಯಾರದೋ ಮುಖ ನೆನಪಾಗುತ್ತದೆ. ತಳ್ಳಿಹಾಕುತ್ತೀರಿ. ಮೂರು ದಿನ ಬಿಟ್ಟು ಮತ್ತೆ ಅದೇ ಮುಖ. ಗಾಂಧೀಜಿಗೆ 1933ರಲ್ಲಿ, 21 ದಿನದ ಉಪವಾಸಕ್ಕೆ ಮುಂಚೆ, ರಾತ್ರಿ ಒಂದು ದನಿ ಸ್ಪಷ್ಟವಾಗಿ ಕೇಳಿಸಿತಂತೆ, ಅವರೇ ಬರೆದುಕೊಂಡಿದ್ದಾರೆ. ಅಂಥದ್ದೂ ಉಂಟು. ಆದರೆ ಅದನ್ನೇ ಅಳತೆ ಮಾಡಿಕೊಂಡರೆ ನಾವೆಲ್ಲ ಫೇಲು.

ಒಂದು ವಿಷಯ ನೇರವಾಗಿ ಹೇಳುತ್ತೇನೆ. ನಿಜವಾಗಿಯೂ ಕಿವಿಯಲ್ಲಿ ದನಿ ಕೇಳುತ್ತಿದ್ದರೆ, ಅದು ಬೈಯುತ್ತಿದ್ದರೆ, ಊಟ ಬಿಡು, ಬಾವಿಗೆ ಹಾರು, ಅವನನ್ನು ಹೊಡಿ ಅಂತ ಅಪ್ಪಣೆ ಕೊಡುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ದೇವರ ವಿಷಯ ಆಮೇಲೆ ನೋಡೋಣ.

ದೇವರು ಕರೆದ್ರೆ ಒಳ್ಳೇ ಕಡೆಗೆ ಕರೀಬೇಕಲ್ವಾ? ಯಾಕೆ ಬೇಡದ ಕಡೆಗೇ ತಳ್ತಾನೆ?

ಒಬ್ಬಟ್ಟಿನ ಊಟ ಹಾಕುವ ಮನೆಗೆ ಹೋಗಲು ಯಾರಿಗಾದರೂ ಒಳದನಿ ಬೇಕಾ? ಅಲ್ಲಿಗೆ ಕಾಲು ತಾನಾಗಿಯೇ ಹೋಗುತ್ತದೆ. ದನಿಗೆ ಕೆಲಸ ಇರುವುದೇ ಕಾಲು ಹೋಗದ ಕಡೆ.

ಕಠೋಪನಿಷತ್ತಿನ ನಚಿಕೇತನ ಕಥೆ ಗೊತ್ತಿರಬೇಕು. ಅಪ್ಪ ಸಿಟ್ಟಿನಲ್ಲಿ 'ನಿನ್ನನ್ನು ಯಮನಿಗೆ ಕೊಟ್ಟೆ' ಅಂದುಬಿಟ್ಟ, ಹುಡುಗ ಹೋಗೇಬಿಟ್ಟ. ನೋಡಿದರೆ ಯಮ ಮನೆಯಲ್ಲಿಲ್ಲ. ಮೂರು ರಾತ್ರಿ ಊಟವಿಲ್ಲದೆ ಕಾದ. ಹಿತವಾದದ್ದು ಬೇರೆ, ಪ್ರಿಯವಾದದ್ದು ಬೇರೆ ಅಂತ ಆಮೇಲೆ ಯಮ ಹೇಳಿದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ನನಗೆ ಮಾತ್ರ ಆ ಮೂರು ರಾತ್ರಿಯದೇ ಯೋಚನೆ. ಅಷ್ಟು ಧೈರ್ಯ ಮಾಡಿ ಹೋದರೆ ಬಾಗಿಲು ತೆಗೆಯಲು ಯಜಮಾನನೇ ಇಲ್ಲ!

ನಮ್ಮ ಜಿಲ್ಲೆಯಲ್ಲೇ ನೋಡಿ. ಶನಿ ಅಂದರೆ ಹೆದರುವ ಜನವೇ ಪಾವಗಡದ ಶನಿಮಹಾತ್ಮನ ಗುಡಿಗೆ ಬಸ್ ಹತ್ತುತ್ತಾರೆ. ಹೆದರಿ ಓಡುವುದಕ್ಕಿಂತ ಎದುರು ಹೋಗಿ ಎಳ್ಳೆಣ್ಣೆ ದೀಪ ಹಚ್ಚುವುದು ವಾಸಿ ಅಂತ ನಮ್ಮ ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದ ಜಪಾನಂದ ಸ್ವಾಮೀಜಿ ಕುಷ್ಠರೋಗಿಗಳ, ಕ್ಷಯರೋಗಿಗಳ ಕೆಲಸ ಹಿಡಿದರು. ಬರದ ತಾಲ್ಲೂಕು, ಜನ ಮುಟ್ಟಲು ಹಿಂಜರಿಯುವ ಕಾಯಿಲೆ. ಯಾಕೆ ಹೀಗೆ ಕರೆಯುತ್ತಾನೆ ಅಂತ ದೇವರ ಪರವಾಗಿ ಉತ್ತರ ಕೊಡಲು ನನಗೆ ಬರುವುದಿಲ್ಲ.

ಹಂಗಾದ್ರೆ ಎಲ್ಲಾ ಬಿಟ್ಟು ಬೆಟ್ಟಕ್ಕೋ ಆಶ್ರಮಕ್ಕೋ ಹೋಗ್ಬೇಕಾ?

ನಾನು ಕಂಡ ಮಟ್ಟಿಗೆ ಒಳದನಿ ಕರೆಯುವ ಜಾಗಕ್ಕೆ ಬಸ್ ಚಾರ್ಜು ನೂರು ರೂಪಾಯಿ ದಾಟುವುದಿಲ್ಲ. ನಮ್ಮಲ್ಲಿಗೆ ಬರುವ ಒಬ್ಬರಿಗೆ ಬಂದದ್ದು, ತಮ್ಮನ ಫೋನ್ ಎತ್ತು ಅಂತ, ಅಷ್ಟೇ. ಇನ್ನೊಬ್ಬರಿಗೆ ಆಫೀಸಿನಲ್ಲಿ ಒಂದು ಸುಳ್ಳು ಬಿಲ್ಲಿಗೆ ಸಹಿ ಹಾಕಬೇಡ ಅಂತ; ಅದಕ್ಕೆ ಅವರು ಒಂದು ವರ್ಗಾವಣೆ ತೆತ್ತರು.

ಸಿದ್ಧಗಂಗಾ ಮಠ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. 1930ರಲ್ಲಿ ಮಠದ ಉತ್ತರಾಧಿಕಾರಿ ಆಗಬೇಕಿದ್ದವರು ಇದ್ದಕ್ಕಿದ್ದಂತೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಯುವಕನೊಬ್ಬ ಆ ಜಾಗಕ್ಕೆ ಬಂದರು. ಅವರೇ ಶಿವಕುಮಾರ ಸ್ವಾಮೀಜಿ, 2019ರ ಜನವರಿ 21ರಂದು ಲಿಂಗೈಕ್ಯರಾದಾಗ 111 ವರ್ಷ. ಜನ 'ನಡೆದಾಡುವ ದೇವರು' ಅಂತ ಕೈಮುಗಿದು ಮುಂದೆ ಹೋಗುತ್ತಾರೆ. ಅಷ್ಟು ವರ್ಷ ದಿನಾ ಮಾಡಿದ್ದೇನು ಅಂತ ಕೇಳಿ. ಪೂಜೆಯ ಜೊತೆಗೆ ದವಸ ಕೂಡಿಸುವುದು, ಅಡುಗೆಮನೆ ವಿಚಾರಿಸುವುದು, ಹುಡುಗರು ಊಟ ಮಾಡಿದರಾ, ಓದಿದರಾ ಅಂತ ನೋಡುವುದು. ನಾಳೆ ಮತ್ತೆ ಅದೇ. ಬೆಟ್ಟಕ್ಕೆ ಓಡಿಹೋಗುವುದು ಇದಕ್ಕಿಂತ ಸಲೀಸು.

ಗುರುತು ಹಿಡಿಯುವುದು

ಇದು ಒಳದನಿನೋ, ನನ್ನ ಭಯನೋ, ಆಸೆನೋ, ಇಲ್ಲ ಬರೀ ಗ್ಯಾಸ್ಟ್ರಿಕ್ಕೋ? ಹೇಗೆ ಗೊತ್ತಾಗುತ್ತೆ?

ಎಲ್ಲರೂ ಕೇಳುವುದು ಇದನ್ನೇ, ಕೇಳಲೂ ಬೇಕು. ಶಕುಂತಲೆಯ ಕಥೆಯ ದುಷ್ಯಂತ ಇದ್ದಾನಲ್ಲ, ಆಶ್ರಮದ ಹುಡುಗಿಯನ್ನು ಕಂಡು ಮನಸೋತು, ಸಂದೇಹ ಬಂದಾಗ ಸಜ್ಜನರಿಗೆ ಅವರ ಅಂತಃಕರಣದ ಒಲವೇ ಪ್ರಮಾಣ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆಮೇಲೆ ಊರಿಗೆ ಹೋಗಿ ಅವಳನ್ನೇ ಮರೆತ. ಶಾಪ ಅಂತಾರೆ, ಇರಲಿ. ನನಗೆ ಬೇಕಾದದ್ದನ್ನು ಒಳದನಿ ಅಂತ ಕರೆಯುವುದು ಎಷ್ಟು ಸುಲಭ ಅನ್ನುವುದಕ್ಕೆ ಅವನೇ ಸಾಕ್ಷಿ.

ನಾನು ನೋಡುವ ಮೊದಲ ಗುರುತು, ಅದು ನನ್ನನ್ನು ಹೊಗಳುತ್ತಿದೆಯಾ ಅಂತ. ನೀನು ಹೋದರೆ ಮಾತ್ರ ಅವರು ಉದ್ಧಾರ ಆಗುತ್ತಾರೆ ಅಂತ ಒಳಗೆ ಅನ್ನಿಸಿದರೆ ಅವತ್ತು ಎಲ್ಲಿಗೂ ಹೋಗುವುದಿಲ್ಲ. ನಿಜವಾದದ್ದು ಸಣ್ಣದಾಗಿರುತ್ತದೆ, ಗುರುವಾರ ಹೋಗು, ಹಣ್ಣು ತಗೊಂಡು ಹೋಗು ಅನ್ನುವಷ್ಟು. ಅವಸರ ಮಾಡುವುದಿಲ್ಲ. ಈಗಲೇ, ಇವತ್ತೇ, ಇಲ್ಲದಿದ್ದರೆ ಅನಾಹುತ ಅಂತ ಎದೆ ಹೊಡೆದುಕೊಳ್ಳುವುದು ಬಹುಪಾಲು ಭಯ. ತಳ್ಳಿದರೆ ಸುಮ್ಮನಾಗಿ, ವಾರ ಬಿಟ್ಟು ಮತ್ತೆ ಅದೇ ಜಾಗದಲ್ಲಿ ಬಂದು ನಿಲ್ಲುತ್ತದಲ್ಲ, ಅದಕ್ಕೆ ಕಿವಿ ಕೊಡಿ.

ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ಇದರಲ್ಲಿ ದೊಡ್ಡ ಮೇಷ್ಟ್ರು. ಅವನು ಸೈನಿಕ. 1521ರಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಮಲಗಿದಲ್ಲೇ ಶೌರ್ಯದ ಹಗಲುಗನಸು ಕಂಡರೆ ಆ ಹೊತ್ತಿಗೆ ಖುಷಿ, ಮುಗಿದ ಮೇಲೆ ಒಳಗೆ ಬರಡು. ಸಂತರ ಹಾಗೆ ಬರಿಗಾಲಲ್ಲಿ ಹೋಗುವ ಯೋಚನೆ ಬಂದರೆ ಯೋಚನೆ ಮುಗಿದ ಮೇಲೂ ಖುಷಿ ಉಳಿಯುತ್ತಿತ್ತು. ಅವನು ಹಿಡಿದದ್ದು ಈ 'ಮುಗಿದ ಮೇಲೆ'ಯನ್ನು. ನಾನೂ ಹಾಗೇ ನೋಡುತ್ತೇನೆ. ಅಲ್ಲಿಗೆ ಹೋಗುವುದನ್ನು ನೆನೆಸಿಕೊಂಡಾಗ ಹೊಟ್ಟೆ ತೊಳಸಿದರೂ, ಅರ್ಧ ಗಂಟೆ ಬಿಟ್ಟು ಮನಸ್ಸು ತಿಳಿಯಾಗಿದೆಯಾ? ಇನ್ನೊಂದು ಮಾತೂ ಅವನದೇ: ಮನಸ್ಸು ಕುಗ್ಗಿದಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡ. ಇದೊಂದನ್ನು ಪಾಲಿಸಿದರೂ ಅರ್ಧ ತಪ್ಪು ಕಮ್ಮಿಯಾಗುತ್ತದೆ.

ಮತ್ತೆ ಒಳದನಿ ಯಾವಾಗಲೂ 'ಹೋಗು' ಅನ್ನಬೇಕಂತಲೂ ಇಲ್ಲ. ಸಾಕ್ರಟೀಸನ ಒಳದನಿ ಬೇಡ ಅಂತ ತಡೆಯುತ್ತಿತ್ತೇ ಹೊರತು ಇದನ್ನು ಮಾಡು ಅಂತ ಯಾವತ್ತೂ ಹೇಳಲಿಲ್ಲ ಅಂತ ಪ್ಲೇಟೋ ಬರೆಯುತ್ತಾನೆ.

ನೀವು ಯಾವತ್ತೂ ತಪ್ಪು ತಿಳ್ಕೊಂಡಿಲ್ವಾ? ನಿಜ ಹೇಳಿ.

ತಿಳ್ಕೊಂಡಿದ್ದೇನೆ. ಸರ್ವಿಸಿನಲ್ಲಿದ್ದಾಗಲೇ ಒಂದು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು, ಯಾರೂ ಇಲ್ಲದ ರೋಗಿಗಳ ಜೊತೆ ಕೂರಲು ಹೋಗುತ್ತಿದ್ದೆ. ವಾರಕ್ಕೆ ಮೂರು ರಾತ್ರಿ. ಕಷ್ಟದ ಜಾಗವೇ, ವಾಸನೆ, ನರಳಾಟ, ನಿದ್ದೆಯಿಲ್ಲ. ನನ್ನನ್ನು ಕರೆದಿದ್ದಾನೆ ಅಂತಲೇ ನಂಬಿದ್ದೆ. ಆಗ ಮನೆಯಲ್ಲಿ ಅಮ್ಮನಿಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಹಾಲಿನವನು ಬಂದ ಅಂತ ಬಾಗಿಲು ತೆಗೆಯೋರು, ನನ್ನ ಹೆಂಡತಿಯನ್ನು ನೀನು ಯಾರು ಅಂತ ಕೇಳೋರು.

ಒಂದು ದಿನ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯಿಂದ ಬಂದೆ. ಹೆಂಡತಿ ಬಚ್ಚಲಲ್ಲಿ ಅಮ್ಮನ ಸೀರೆ ಒಗೆಯುತ್ತಿದ್ದಳು, ಆ ರಾತ್ರಿಯ ಮೂರನೇ ಸೀರೆ. ತಿರುಗಿ ನೋಡಲಿಲ್ಲ. 'ಅಲ್ಲಿ ಯಾರಿಗೆ ನೀರು ಕುಡಿಸಿ ಬಂದ್ರಿ?' ಅಂತ ಕೇಳಿದಳು, ಅಷ್ಟೇ. ನನಗೆ ಉತ್ತರ ಹೊಳೆಯಲಿಲ್ಲ. ಆಸ್ಪತ್ರೆಯಲ್ಲಿ ಜನ ನನಗೆ ಕೈಮುಗಿಯುತ್ತಿದ್ದರು. ಅಮ್ಮನಿಗೆ ನನ್ನ ಗುರುತೇ ಸಿಗುತ್ತಿರಲಿಲ್ಲ. ಒಂದು ಕಷ್ಟದ ಜಾಗವನ್ನು ಇನ್ನೊಂದು ಕಷ್ಟದ ಜಾಗದಿಂದ ತಪ್ಪಿಸಿಕೊಳ್ಳಲು ಬಳಸಿಕೊಂಡಿದ್ದೆ. ಅವತ್ತಿನಿಂದ ಯಾರೇ ಬಂದು ದೂರದ ಸೇವೆಯ ಬಗ್ಗೆ ಕೇಳಿದರೂ ಮೊದಲು ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ಗುರುಗಳು ಒಂದು ಹೇಳ್ತಾರೆ, ಒಳಗೆ ಒಂದು ಅನ್ಸುತ್ತೆ. ಯಾರ ಮಾತು ಕೇಳ್ಲಿ?

'ಅರಿವೇ ಗುರು' ಅಂತ ಶರಣರ ನಾಡಿನವರು ನಾವು, ಆದರೂ ಅರಿವಿಗೆ ಇನ್ನೊಬ್ಬರ ಕಣ್ಣು ಬೇಕಾಗುತ್ತದೆ. ಕ್ವೇಕರ್ ಅನ್ನುವ ಕ್ರೈಸ್ತ ಪಂಗಡದಲ್ಲಿ ಒಂದು ಪದ್ಧತಿ ಇದೆ. ನಿರ್ಧಾರ ಮಾಡಬೇಕಾದವರ ಸುತ್ತ ನಾಲ್ಕೈದು ನಂಬಿಕೆಯ ಜನ ಕೂರುತ್ತಾರೆ. ಅವರು ಪ್ರಶ್ನೆ ಮಾತ್ರ ಕೇಳಬಹುದು, ಸಲಹೆ ಕೊಡುವಂತಿಲ್ಲ. ನಾವೂ ಒಂದು ಭಾನುವಾರ ಮಾಡಿ ನೋಡಿದೆವು. ತುಮಕೂರಿನವರ ಬಾಯಲ್ಲಿ ಸಲಹೆಯಿಲ್ಲದ ಪ್ರಶ್ನೆ ಹೊರಡಿಸುವುದು ಬಲು ಕಷ್ಟ. 'ನೀವು ಯಾಕೆ ಸುಮ್ನೆ ರಾಜೀನಾಮೆ ಕೊಡಬಾರದು?' ಅಂತ ಶುರುವಾಯಿತು, ಅದೂ ಪ್ರಶ್ನೆಯೇ ತಾನೇ ಅಂತ ವಾದ ಬೇರೆ. ನಾಲ್ಕನೇ ಸಲಕ್ಕೆ ಹದಕ್ಕೆ ಬಂತು.

ಗುರುಗಳ ವಿಷಯಕ್ಕೆ ಬಂದರೆ, ನೀವು ಪ್ರಶ್ನೆ ಕೇಳಿದಾಗ ಅವರು ನಕ್ಕರೆ ಅವರ ಹತ್ತಿರ ಇರಿ. ದುಡ್ಡು, ಜಮೀನು, ಮೈ ಈ ಮೂರರಲ್ಲಿ ಯಾವುದನ್ನಾದರೂ ಕೊಡು ಅಂತ ನಿಮ್ಮ ಒಳದನಿಯ ಹೆಸರಿನಲ್ಲಿ ಅವರು ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಹೊರಟವರಿಗೆ

ಹೋಗೋದು ಅಂತ ಆಯ್ತು. ಮೊದಲ ದಿನ ಏನು ಮಾಡ್ಬೇಕು, ಏನು ಮಾತಾಡ್ಬೇಕು?

ನನ್ನದೇ ಹೇಳುತ್ತೇನೆ. ಊರಿನ ಜಮೀನು ಪಾಲಾಗುವಾಗ ನನಗೂ ಅಣ್ಣನಿಗೂ ಜಗಳವಾಗಿ ಹನ್ನೊಂದು ವರ್ಷ ಮಾತಿರಲಿಲ್ಲ. ಅಮ್ಮನ ತಿಥಿಯನ್ನೂ ಬೇರೆ ಬೇರೆ ಮಾಡಿದೆವು. ಅವನಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಕಾಲಿನ ಎರಡು ಬೆರಳು ತೆಗೆದರು ಅಂತ ಯಾರೋ ಹೇಳಿದ ಮೇಲೆ ಆ ಕಿರಿಕಿರಿ ಶುರುವಾಯಿತು. ನಾಲ್ಕು ತಿಂಗಳು ತಳ್ಳಿದೆ. ಕೊನೆಗೆ ಮಧುಗಿರಿ ಬಸ್ ಹತ್ತಿದೆ. ಕೊರಟಗೆರೆಯಲ್ಲಿ ಬಸ್ ನಿಂತಾಗ ಇಳಿದು ವಾಪಸ್ ಹೋಗೋಣ ಅನ್ನಿಸಿತು, ಸುಳ್ಳು ಹೇಳಲ್ಲ.

ಅಣ್ಣ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ನೋಡಿದ. ಮತ್ತೆ ರಸ್ತೆ ಕಡೆ ತಿರುಗಿದ. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನು ಜಗಲಿಯ ಇನ್ನೊಂದು ತುದಿಯಲ್ಲಿ ಕೂತೆ. ಒಳಗೆ ಟಿವಿ ಓಡುತ್ತಿತ್ತು. ಅತ್ತಿಗೆ ಒಂದು ಲೋಟ ಮಜ್ಜಿಗೆ ತಂದು ನಮ್ಮಿಬ್ಬರ ಮಧ್ಯೆ ಇಟ್ಟು ಹೋದರು, ಯಾರಿಗೆ ಅಂತ ಹೇಳದೆ. ನೊಣ ಬಂದು ಕೂತಿತು, ಅವನೂ ಓಡಿಸಲಿಲ್ಲ, ನಾನೂ ಓಡಿಸಲಿಲ್ಲ. ಇಪ್ಪತ್ತು ನಿಮಿಷ ಆದ ಮೇಲೆ ಎದ್ದು 'ಬರ್ತೀನಿ ಅಣ್ಣ' ಅಂದೆ. ಅವನು ಲೋಟದ ಕಡೆ ನೋಡಿ 'ಕುಡಿದು ಹೋಗು' ಅಂದ.

ಬಸ್ಸಿನಲ್ಲಿ ಎಷ್ಟೊಂದು ಮಾತು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಮೊದಲ ಸಲ ಚಿಕ್ಕದಾಗಿ ಹೋಗಿ, ಬೇಗ ವಾಪಸ್ ಬನ್ನಿ. ಹಳೇ ಲೆಕ್ಕ ತೆಗೆಯಬೇಡಿ. ಕ್ಷಮಿಸಿದ್ದೇನೆ ಅಂತಂತೂ ಹೇಳಲೇಬೇಡಿ, ಜಗಳ ಮತ್ತೆ ಶುರುವಾಗುವುದೇ ಆ ಮಾತಿನಿಂದ.

ಅಲ್ಲಿನವರಿಗೆ ನಾನೇ ಬೇಡವಾಗಿದ್ರೆ?

ಬೇಡವಾಗಿರಬಹುದು, ಅದು ಅವರ ಹಕ್ಕು. ಗಾಂಧೀಜಿ 1946ರ ನವೆಂಬರಿನಲ್ಲಿ, ಗಲಭೆಯ ಹಿಂದೆಯೇ ಬಂಗಾಳದ ನೌಖಾಲಿಗೆ ಹೋದಾಗ ವಯಸ್ಸು 77. ಹಳ್ಳಿಯಿಂದ ಹಳ್ಳಿಗೆ ಬರಿಗಾಲಲ್ಲಿ ನಡೆದರು. ದಾರಿಯಲ್ಲಿ ಬೇಕಂತಲೇ ಮುಳ್ಳು, ಹೊಲಸು ಹಾಕಿದವರೂ ಇದ್ದರು. ಅವರು ಗುಡಿಸಿಕೊಂಡು ನಡೆದರು. ಹತ್ತು ವರ್ಷ ಮುಂಚೆ, 1936ರಲ್ಲಿ, ಇದೇ ಮನುಷ್ಯ ನಮ್ಮ ನಂದಿ ಬೆಟ್ಟದಲ್ಲಿ ತಂಗಾಳಿಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು ಅಂತ ನೆನೆದರೆ ಒಂಥರಾ ಆಗುತ್ತದೆ.

ಆದರೆ ನಾವು ಗಾಂಧಿ ಅಲ್ಲ, ಅಣ್ಣನ ಮನೆ ನೌಖಾಲಿಯೂ ಅಲ್ಲ. ಬಾಗಿಲು ಹಾಕಿದರೆ ಬಡಿಯುತ್ತಾ ನಿಲ್ಲಬೇಡಿ. ಎರಡನೇ ಸಲ ಹೋದಾಗ ಅಣ್ಣನ ಮಗ 'ಚಿಕ್ಕಪ್ಪ, ಈಗ ಯಾಕೆ ಬರ್ತಿದ್ದೀರಾ?' ಅಂತ ಮುಖಕ್ಕೇ ಕೇಳಿದ. ನ್ಯಾಯವಾದ ಪ್ರಶ್ನೆ. 'ನೋಡೋಣ ಅನ್ನಿಸ್ತು ಕಣಪ್ಪ, ಬೇಡ ಅಂದ್ರೆ ಬರಲ್ಲ' ಅಂದೆ. ಅವನು ಬೇಡ ಅನ್ನಲಿಲ್ಲ. ಅಂದಿದ್ದರೆ ಹೋಗುತ್ತಿರಲಿಲ್ಲ.

ಗಂಡ ಕುಡಿದು ಹೊಡೀತಾರೆ. 'ಇದು ನಿನ್ನ ಕರ್ಮ, ಸಹಿಸ್ಕೊ' ಅಂತಾರೆ ಅತ್ತೆ. ಇದೂ ದೇವರು ತೋರಿಸಿದ ಕಷ್ಟದ ಜಾಗನೇನಾ?

ಇಲ್ಲಮ್ಮ. ಒಳದನಿ ನಿಮ್ಮೊಳಗಿಂದ ಬರಬೇಕು, ಅತ್ತೆಯ ಬಾಯಿಂದ ಬಂದದ್ದು ಅತ್ತೆಯ ಮಾತು. ನಾನಾಗಿ ಹೋಗಿ, ನಾನಾಗಿ ವಾಪಸ್ ಬರಬಹುದಾದ ಜಾಗದ ಬಗ್ಗೆ ಇಷ್ಟು ಹೊತ್ತು ಹೇಳಿದೆ. ಹೊಡೆತ ತಿನ್ನುವ ಮನೆಗೆ ಆ ಮಾತು ಅನ್ವಯಿಸಲ್ಲ. ನಿಮಗೆ ನಿಜವಾಗಿ ಕಷ್ಟದ ಜಾಗ ಅಂದರೆ ತವರಿಗೆ ಫೋನ್ ಮಾಡುವುದೋ, ಪೊಲೀಸ್ ಠಾಣೆಯ ಮೆಟ್ಟಿಲೋ ಇರಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯ್ದೆಯೇ ಇದೆ, ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಕೊಡುತ್ತದೆ. ಈ ಪ್ರಶ್ನೆ ಮೂರು ಬೇರೆ ಬೇರೆ ಊರಿಂದ ಬಂದಿದೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಬರೆದೆ.

ಹೋದೆ. ಒಂದು ವರ್ಷ ಆಯ್ತು. ಈಗ ಒಳಗೆ ಏನೂ ಕೇಳಿಸ್ತಿಲ್ಲ, ಪೂರಾ ಬರಡು. ತಪ್ಪು ಮಾಡಿದ್ನಾ?

ಕರೆದ ದನಿ ಕರೆದ ಮೇಲೆ ಸುಮ್ಮನಾಗುವುದು ಹೊಸದೇನಲ್ಲ. ಮದರ್ ತೆರೇಸಾಗೆ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಕರೆ ಬಂತು. ಕಲ್ಕತ್ತೆಯ ಕೊಳೆಗೇರಿಗೆ ಇಳಿದ ಮೇಲೆ ದಶಕಗಟ್ಟಲೆ ಒಳಗೆ ಕತ್ತಲು, ದೇವರ ಸುಳಿವೇ ಇಲ್ಲ. 1997ರಲ್ಲಿ ಅವರು ತೀರಿಕೊಂಡು ಹತ್ತು ವರ್ಷದ ಮೇಲೆ ಕಾಗದಗಳು ಪ್ರಕಟವಾದಾಗಲೇ ಲೋಕಕ್ಕೆ ಗೊತ್ತಾದದ್ದು.

ಚಿಂತಾಮಣಿ ಕಡೆಯವರಿಗೆ ಕೈವಾರ ತಾತಯ್ಯನವರ ಕಥೆ ಹೇಳಬೇಕಿಲ್ಲ. ಬಳೆ ಮಾರುತ್ತಿದ್ದ ನಾರಾಯಣಪ್ಪ. ಗುರು ಒಂದು ಬೆಣಚುಕಲ್ಲು ಕೊಟ್ಟು, ಬಾಯಲ್ಲಿಟ್ಟುಕೊಂಡು ಜಪ ಮಾಡು, ಅದು ಕಲ್ಲುಸಕ್ಕರೆ ಆಗುವವರೆಗೆ ಅಂದರಂತೆ. ಮೂರು ವರ್ಷ ಆಯಿತಂತೆ. ಕಲ್ಲು ಸಕ್ಕರೆಯಾಯಿತಾ ಅಂತ ನನ್ನನ್ನು ಕೇಳಬೇಡಿ. ಮೂರು ವರ್ಷ ಬಾಯಲ್ಲಿ ಬರೀ ಕಲ್ಲೇ ಇತ್ತು ಅನ್ನುವುದನ್ನು ಮಾತ್ರ ನಂಬುತ್ತೇನೆ.

ಹಾಗಂತ ಕೊನೆಯಿಲ್ಲದೆ ಇರಿ ಅಂತಲೂ ಹೇಳಲ್ಲ. ಕೋಲಾರದ ರೈತರು ಒಬ್ಬರು ಇಲ್ಲಿ ಹೇಳಿದ್ದು. ಬೋರ್ ಕೊರೆಸುವಾಗ ಸಾವಿರ ಅಡಿ ಬರೀ ಧೂಳು ಬರುತ್ತದೆ, ಇನ್ನೈವತ್ತು ಅಡಿ, ಇನ್ನೈವತ್ತು ಅಡಿ ಅಂತ ಲಾರಿಯವನು ಅನ್ನುತ್ತಾನೆ, ಮನೆ ಹಾಳಾಗುವುದು ಆ ಇನ್ನೈವತ್ತರಲ್ಲಿ. ಅವರು ಲಾರಿ ಬರುವ ಮೊದಲೇ ಇಷ್ಟು ಅಡಿ, ಇಷ್ಟು ದುಡ್ಡು ಅಂತ ಹೆಂಡತಿಯ ಎದುರು ಬರೆದಿಡುತ್ತಾರಂತೆ. ನೀವೂ ಹಾಗೇ ಮಾಡಿ. ಇಷ್ಟು ತಿಂಗಳು ಅಂತ ಹೊರಡುವಾಗಲೇ ಬರೆದು ಒಬ್ಬರ ಕೈಗೆ ಕೊಡಿ. ಆ ದಿನ ಬಂದಾಗ ಇಬ್ಬರೂ ಕೂತು ನೋಡಿ. ಅಲ್ಲಿನ ಯಾರಿಗಾದರೂ ನಿಮ್ಮಿಂದ ಸ್ವಲ್ಪ ಹಗುರ ಆಗಿದ್ದರೆ ಮುಂದುವರಿಸಿ. ನಿಮ್ಮ ಆರೋಗ್ಯ, ಮನೆಯವರ ನೆಮ್ಮದಿ ಎರಡೂ ಹೋಗಿ ಯಾರಿಗೂ ಏನೂ ಆಗಿಲ್ಲದಿದ್ದರೆ ವಾಪಸ್ ಬನ್ನಿ, ನಾಚಿಕೆ ಏನಿಲ್ಲ.

ನಾನು ಯೋನನ ಥರ ಓಡಿ ಹೋದವನು. ಅಪ್ಪ ಗಣಿ ಧೂಳಿಂದ ಕೆಮ್ಮಿ ಕೆಮ್ಮಿ ಕೆಜಿಎಫ್‌ನಲ್ಲೇ ತೀರಿಕೊಂಡ್ರು. ಹೋಗು ಹೋಗು ಅಂತ ಒಳಗೆ ಅನ್ಸಿದ್ರೂ ಬೆಂಗಳೂರಲ್ಲೇ ಉಳಿದೆ. ಈಗ ಏನು ಮಾಡ್ಲಿ?

ಈ ಕಾಗದವನ್ನು ಮೂರು ಸಲ ಓದಿದೆ. ಬೈಬಲ್ಲಿನ ಯೋನನಿಗೆ ನಿನೆವೆಗೆ ಹೋಗು ಅಂದರೆ ಅವನು ಎದುರು ದಿಕ್ಕಿನ ಹಡಗು ಹತ್ತಿದ, ಆದರೂ ಅವನಿಗೆ ಎರಡನೇ ಸಲ ಕರೆ ಬಂತು, ನಿನೆವೆ ಅಲ್ಲೇ ಇತ್ತು. ನಿಮ್ಮ ಅಪ್ಪ ಇಲ್ಲ. ಅದನ್ನು ಸರಿಮಾಡುವ ಉಪಾಯ ನನ್ನ ಹತ್ತಿರ ಇಲ್ಲ, ಇದೆ ಅನ್ನುವವರನ್ನು ನಂಬಬೇಡಿ. ಅಮ್ಮ ಇನ್ನೂ ಗಣಿ ಕ್ವಾರ್ಟರ್ಸಿನಲ್ಲೇ ಇದ್ದಾರೆ ಅಂತ ಕಾಗದದ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ಆ ಸಾಲನ್ನು ನೀವು ಬರೆದದ್ದು ಯಾಕೆ ಅಂತ ನಿಮಗೆ ಗೊತ್ತಿದೆ. ಅಪ್ಪನ ಕೆಮ್ಮು ಹೇಗಿತ್ತು, ರಾತ್ರಿ ಯಾರು ಏಳುತ್ತಿದ್ದರು ಅಂತ ಅಮ್ಮನ ಹತ್ತಿರ ಕೂತು ಕೇಳಿ. ಕೇಳುವುದು ಸುಲಭವಲ್ಲ.

ನೀವೂ ಅಣ್ಣನೂ ಈಗ ಒಂದಾದ್ರಾ? ಕೇಸ್ ವಾಪಸ್ ತಗೊಂಡ್ರಾ?

ಇಲ್ಲ, ಕೇಸ್ ನಡೆಯುತ್ತಲೇ ಇದೆ. ತೆಂಗಿನ ತೋಟದ ವಿಷಯದಲ್ಲಿ ಅವನು ಹೇಳುವುದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ, ನಾನು ಹೇಳುವುದು ತಪ್ಪು ಅಂತ ಅವನಿಗೂ. ವಾಯಿದೆ ಇದ್ದ ದಿನ ನಾನು ಮೊದಲು ಊರಿಗೆ ಹೋಗಿ, ಅವನನ್ನು ಆಟೋ ಹತ್ತಿಸಿಕೊಂಡು, ಇಬ್ಬರೂ ಒಟ್ಟಿಗೆ ಮಧುಗಿರಿ ಕೋರ್ಟಿಗೆ ಹೋಗುತ್ತೇವೆ. ಅವನಿಗೆ ಮೆಟ್ಟಿಲು ಹತ್ತಲು ಕೈ ಹಿಡಿಯಬೇಕು. ಅವನ ಕಡೆ ವಕೀಲರಿಗೂ ನನ್ನ ಕಡೆ ವಕೀಲರಿಗೂ ಇದು ಸರಿ ಕಾಣುತ್ತಿಲ್ಲ.